ಗಾಳಿಯ ಅಳತೆ

ನಮ್ಮ ಭಾವನ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ನೀಲಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಕಾರ್ಖಾನೆಗೆ ಅವರು ಕಟಿಂಗ್ ಮಾಸ್ತರು. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಆ ಬಣ್ಣ ಹೋಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದಾಗ, ಬಿಳಿ ಅನ್ನದಲ್ಲಿ ಆ ಎರಡು ಬೆರಳು ನೋಡಿ ಅವ್ವ ಗಾಬರಿಯಾಗಿದ್ದಳು.

ಯಾರೇ ಎದುರಾದರೂ ಅವರು ಮೊದಲು ಸೊಂಟ ನೋಡಿ ಆಮೇಲೆ ಮುಖ ನೋಡುತ್ತಿದ್ದರು. "ಮೂವತ್ನಾಕು ಇದ್ದಿ, ಮೂವತ್ತೆರಡು ಆಗೀಯಲ್ಲಲೇ, ಊಟ ಮಾಡವಲ್ಲೆ ಏನು?" ಕ್ಷೇಮ ಕೇಳುವ ರೀತಿಯೇ ಅದು.

ನಾನು ಸಿರುಗುಪ್ಪದ ಹತ್ತಿರ ಹೊಳೆಯಲ್ಲಿ ದೋಣಿ ನಡೆಸುವವನು. ಹಳೆಯ ಕಟ್ಟೆಯ ಹಿಂದೆ ನೀರು ಅಗಲವಾಗಿ ನಿಲ್ಲುವ ಕಡೆ, ನಡುಗಡ್ಡೆಯ ಹೊಲಗಳಿಗೆ ಜನರನ್ನು ದಾಟಿಸುತ್ತೇನೆ. ಒಮ್ಮೆ ಭತ್ತದ ಚೀಲ ಇಳಿಸುವಾಗ ಬಲಭುಜ ಕಳಚಿತು. ಇನ್ನು ಹುಟ್ಟು ಹಾಕಬೇಡ ಎಂದರು ಡಾಕ್ಟರು. ದೋಣಿ ಮಾರಿ ರೈಸ್ ಮಿಲ್ಲಿನ ಗೇಟಿನಲ್ಲಿ ಕೂರುವುದೆಂದು ನಿಶ್ಚಯಿಸಿದೆ. ಅದನ್ನು ಫೋನಿನಲ್ಲಿ ಭಾವನಿಗೆ ಹೇಳಿದೆ. ರವಿವಾರ ಅಕ್ಕನನ್ನು ಕರೆದುಕೊಂಡು ಬಂದವರೇ ಮೊಬೈಲಿನಲ್ಲಿ ಹಾಯಿದೋಣಿಗಳ ವಿಡಿಯೋ ಹಚ್ಚಿ ಮುಂದೆ ಹಿಡಿದರು.

"ನೋಡಲೇ, ಇಷ್ಟಿಷ್ಟು ದೋಣಿ, ಗಾಳಿಗಿ ಎದುರಾ ಹೊಂಟಾವ. ಇಂಜಿನ್ ಇಲ್ಲ, ಏನಿಲ್ಲ. ಬಟ್ಟಿ, ಹಲಗಿ, ಅಷ್ಟ. ಬಟ್ಟಿ ಅಂದ್ರ ನನ್ನ ಕೆಲಸ. ಮಾರಬ್ಯಾಡ, ತಡಿ."

ಮೊದಲ ಹಾಯಿ ಜೀನ್ಸ್ ಬಟ್ಟೆಯದೇ. ಜೋಡಿ ಹೊಲಿಗೆ, ಖಡಕ್ ಇಸ್ತ್ರಿ, ಒಂದು ಸುಕ್ಕಿಲ್ಲದೆ ಹಲಗೆಯಂತೆ ಚಪ್ಪಟೆ. ಮೂಲೆಯಲ್ಲಿ ಒಂದು ಜೇಬು ಬೇರೆ, "ಎಲಿ ಅಡಕಿ ಇಡಾಕ." ಗಾಳಿ ಬೆನ್ನಿಗಿದ್ದಾಗ ದೋಣಿ ಚೆನ್ನಾಗಿಯೇ ಓಡಿತು. ಆದರೆ ನಡುಗಡ್ಡೆಗೆ ಹೋಗುವಾಗ ಗಾಳಿ ಎದುರು. ಆ ಕಡೆ ತಿರುಗಿಸಿದರೆ ಹಾಯಿ ಪಟಪಟ ಬಡಿದುಕೊಂಡು, ದೋಣಿ ಏಡಿಯಂತೆ ಅಡ್ಡಕ್ಕೆ ಜಾರಿ ಜೊಂಡಿನಲ್ಲಿ ಸಿಕ್ಕಿತು. ನೀರು ಕುಡಿದ ಬಟ್ಟೆ ಎತ್ತಲಾಗದಷ್ಟು ಭಾರ. ನೀರೆಂದರೆ ಹೆದರುವ ಅಕ್ಕ ದಂಡೆಯಲ್ಲೇ ನಿಂತು ಕೂಗಿದಳು: "ಪ್ಯಾಂಟ್ ಹೊಲಿಯೋದು ಬಿಟ್ಟು ದೋಣಿಗಿ ಚೊಣ್ಣ ಹೊಲಿಯಾಕ ಹೋದ್ರ ಹಿಂಗ ಆಕ್ಕೈತಿ! ಇಬ್ಬರೂ ಮುಣುಗಿದ್ರ ನಾ ಯಾರಿಗಂತ ಅಳಲಿ?"

ಎರಡು ವಾರ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ಫೋನು ಬಂತು.

"ಲೇ, ಪ್ಯಾಂಟಿನ ಕುಂಡಿ ಹೆಂಗ ಹೊಲೀತಾರ ಗೊತ್ತೈತೇನು?"

"ಭಾವ, ಇನ್ನಾ ಚಾ ಕುಡದಿಲ್ಲರಿ ನಾನು."

"ಕೇಳಿಲ್ಲಿ. ಬಟ್ಟಿ ಚಪ್ಪಟಿ, ಮನಷಾ ಚಪ್ಪಟಿ ಅಲ್ಲ. ಅದಕ್ಕ ಅಂಚು ಡೊಂಕಾಗಿ ಕತ್ತರಿಸಿ ಕೂಡಸ್ತೀವಿ, ಒಳಗ ಮೈಗಿ ಜಾಗ ಆಕ್ಕೈತಿ. ಗಾಳಿಗೂ ಮೈ ಐತಲೇ! ನಾನು ಅದರ ಅಳತೀನ ತಗೊಂಡಿಲ್ಲ."

ಈ ಸಲ ಭತ್ತದ ರಾಶಿ ಮುಚ್ಚುವ ಟಾರ್ಪಾಲು. ಪಟ್ಟಿಗಳನ್ನು ಅಂಚು ಬಾಗಿಸಿ ಕತ್ತರಿಸಿ ಕೂಡಿಸಿದ್ದರು. ಗಾಳಿ ಹೊಕ್ಕರೆ ನಡುವೆ ಹೊಟ್ಟೆ ಬರಬೇಕು. ಅಡ್ಡ ಜಾರದಿರಲು ತಮ್ಮ ಹಳೆಯ ಕಟಿಂಗ್ ಮೇಜಿನ ಹಲಗೆ ತಂದರು. ಅವರ ಹುಟ್ಟೂರು ಕುರುಗೋಡಿನ ಬಾಲ್ಯದ ಗೆಳೆಯ, ಒಬ್ಬ ಬಡಿಗೇರ, ದೋಣಿಯ ತಳದಲ್ಲಿ ಸೀಳು ಕೊರೆಯುವಾಗ ನಾನು ಕಣ್ಣು ಮುಚ್ಚಿಕೊಂಡೆ. ಸೀಳಿನ ಸುತ್ತ ನೀರಿನ ಮಟ್ಟಕ್ಕಿಂತ ಎತ್ತರವಾಗಿ ಪೆಟ್ಟಿಗೆ ಕಟ್ಟಿ, ಅದರೊಳಗಿಂದ ಹಲಗೆಯನ್ನು ನೀರಿಗೆ ಇಳಿಬಿಟ್ಟರು. ಕೊನೆಗೆ ಭಾವ ಹಾಯಿಗೆ ಜೀನ್ಸಿನ ಹಳದಿ ದಾರದ ಎಳೆಗಳನ್ನು ಕಟ್ಟಿದರು. "ದಾರ ನೆಟ್ಟಗ ಹಾರಿದ್ರ ಗಾಳಿ ಸರಿ ಹೊಂಟೈತಿ ಅಂತ. ಕುಣದ್ರ ನೀ ತಪ್ಪು ಹಿಡದೀ ಅಂತ."

ಹಾಯಿ ಉಬ್ಬಿತು. ದೋಣಿ ಸ್ವಲ್ಪ ವಾಲಿ, ಜಾರದೆ, ಎದುರುಗಾಳಿಯನ್ನು ಓರೆಯಾಗಿ ಸೀಳಿಕೊಂಡು ಹೊರಟಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುತ್ತಾ ಹೋದೆ. ಚುಕ್ಕಾಣಿಗೆ ನನ್ನ ಎಡಗೈಯೊಂದೇ ಸಾಕಾಯಿತು. ನಡುಗಡ್ಡೆ ಮುಟ್ಟಿದಾಗ ಭಾವ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದು, ಹಾಯಿಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಫಿಟಿಂಗ್ ಸರಿ ಐತಿ" ಅಂದರು. ಅಷ್ಟೇ.

ದೋಣಿ ಮಾರಲಿಲ್ಲ.

ಹೋದ ಚಳಿಗಾಲದಲ್ಲಿ, ಕೈಯಲ್ಲಿ ಚಾಕ್ ಹಿಡಿದಿದ್ದ ಹಾಗೆಯೇ, ಕಟಿಂಗ್ ಮೇಜಿನ ಮೇಲೆ ಬಾಗಿದ ಭಾವ ಮತ್ತೆ ಏಳಲಿಲ್ಲ. ಕುರುಗೋಡಿನಲ್ಲಿ ಮಣ್ಣು ಮಾಡುವ ಮೊದಲು ಮೈ ತೊಳೆದವರಲ್ಲಿ ನಾನೂ ಒಬ್ಬ. ಆ ಎರಡು ಬೆರಳಿನ ನೀಲಿ ಅವತ್ತೂ ಹೋಗಲಿಲ್ಲ.

ತಿಂಗಳಾದ ಮೇಲೆ ಅವರ ಕತ್ತರಿ, ಟೇಪು ತರಲು ಅಕ್ಕನ ಜೊತೆ ಕಾರ್ಖಾನೆಗೆ ಹೋದೆ. ಗೋಡೆಯ ಮೊಳೆಗಳಲ್ಲಿ ಸೊಂಟದ ಅಳತೆ ಬರೆದ ರಟ್ಟಿನ ನಮೂನೆಗಳು ಸಾಲಾಗಿ ತೂಗುತ್ತಿದ್ದವು. ಕೊನೆಯ ಮೊಳೆಯಲ್ಲಿ ಬಾಗಿದ ಅಂಚಿನ ಉದ್ದನೆಯ ರಟ್ಟುಗಳು. ಮೇಲೆ ಅವರ ಅಕ್ಷರ: "ಗಾಳಿ, ಸಿರುಗುಪ್ಪ." ಕೆಳಗೆ: "ಆಷಾಢಕ್ಕೆ ಹೊಟ್ಟೆ ಕಡಿಮೆ. ಬೇಸಿಗೆಗೆ ಜಾಸ್ತಿ." ಬಿಸಿಲಿಗೆ ಟಾರ್ಪಾಲು ಹರಿಯುತ್ತದೆ, ಮತ್ತೆ ಹೊಲಿಯಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಹರಿಯಿತು. ಬೇಸಿಗೆಯ ನಮೂನೆ ಇಟ್ಟು ನಾನು ಕತ್ತರಿಸಿದೆ, ಅಕ್ಕ ಮನೆಯ ಮಷಿನಿನಲ್ಲಿ ಹೊಲಿದಳು. ಹಾಯಿ ಕಟ್ಟುವ ದಿನ, ಕರೆಯದೆಯೇ ಸೀರೆ ಮೇಲೆತ್ತಿಕೊಂಡು ದೋಣಿ ಹತ್ತಿದಳು. ಒಂದು ಕೈಯಲ್ಲಿ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈ ಚಾಚಿ ಉಬ್ಬಿದ ಹೊಲಿಗೆಯನ್ನು ಮುಟ್ಟಿದಳು.

"ಫಿಟಿಂಗ್ ನೋಡೋ ತಮ್ಮಾ, ಸರಿ ಐತೇನು?"

ಹಾಯಿಗೆ ಕಟ್ಟಿದ್ದ ಹಳದಿ ದಾರದ ಕಡೆ ಕೈ ತೋರಿಸಿದೆ. ನೆಟ್ಟಗೆ ಹಾರುತ್ತಿತ್ತು.