ಯಜಮಾನರು ಕೇಳಿದ ಚಿನ್ನದ ನಾಣ್ಯ

ಜಾಹೀರಾತು ಕಚೇರಿಯಲ್ಲಿ ಅವಳನ್ನು ಎಲ್ಲರೂ ಸೂಜಿಗಣ್ಣಿ ಎನ್ನುತ್ತಿದ್ದರು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಅವಳ ಕೆಲಸ. ಸೋಪಿನ ನೊರೆಯಾಗಲಿ, ಗಾಜಿನ ಲೋಟದ ಮೇಲಿನ ಹನಿಯಾಗಲಿ, ಅವಳು ಬರೆದರೆ ಮುಟ್ಟಿ ನೋಡಬೇಕೆನಿಸುತ್ತಿತ್ತು. ಆ ಕಣ್ಣು ಅಪ್ಪನಿಂದ ಬಂದದ್ದು.

ಅಪ್ಪ ಪದಕ, ನಾಣ್ಯಗಳ ಅಚ್ಚು ಕೆತ್ತುವವರು. ಒಂದೇ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಉಕ್ಕಿನ ತುಂಡಿನ ಮೇಲೆ ಬಾಗಿ ಕೂತವರು. ಅವಳು ಕಾಲೇಜಿನಲ್ಲಿದ್ದಾಗ ಒಬ್ಬ ಗಿರಾಕಿ ಬಂದು ಕಾರ್ಖಾನೆಯ ಯಜಮಾನರ ಮೇಲೆ ಹರಿಹಾಯ್ದ. ಹಳೆಯ ಚಿನ್ನದ ನಾಣ್ಯವೆಂದು ಅವನು ಅಲ್ಲಿ ಕೊಂಡದ್ದು ಹಿತ್ತಾಳೆಯ ಎರಕ, ಮೇಲೆ ಚಿನ್ನದ ನೀರು. ಯಜಮಾನರು ಎಲ್ಲರೆದುರು ಅಪ್ಪನ ಉಳಿಪೆಟ್ಟಿಗೆ ತೆರೆಸಿದರು. ಅಂಥದೇ ಇನ್ನೊಂದು ನಾಣ್ಯ ಅದರೊಳಗಿತ್ತು.

"ನಂಬಿದ್ದಕ್ಕೆ ಚೆನ್ನಾಗೇ ಟೋಪಿ ಹಾಕಿದೆ ಬಿಡು. ತಗೊಂಡು ಹೋಗು, ನಿನ್ನ ಕೈಚಳಕದ ನೆನಪಿಗಿರಲಿ" ಎಂದು ಅದನ್ನು ಅಪ್ಪನ ಕಾಲಬುಡಕ್ಕೆ ಎಸೆದರು.

ಅಪ್ಪ ಮನೆಗೆ ಬಂದು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. "ಇದು ನನ್ನ ಕೆಲಸ ಅಲ್ಲ ಕಣೆ. ನನ್ನ ಅಚ್ಚಲ್ಲಿ ಹೊಡೆದ ಅಕ್ಷರ ಹೀಗೆ ಕರಗಿರಲ್ಲ" ಎಂದು ಅಮ್ಮನಿಗೆ ಹೇಳಿದ್ದಷ್ಟೇ. ಆಮೇಲೆ ಯಾರೂ ಅವರಿಗೆ ಕೆಲಸ ಕೊಡಲಿಲ್ಲ. ನಾಲ್ಕು ವರ್ಷ ಕಿಟಕಿಯ ಪಕ್ಕ ಕೂತು ಹೆಬ್ಬೆರಳು ಉಜ್ಜಿಕೊಳ್ಳುತ್ತಿದ್ದು, ತೀರಿಕೊಂಡರು. ಯಜಮಾನರದೇ ಕೈವಾಡವೆಂದು ಮಗಳಿಗೆ ಗೊತ್ತಿತ್ತು. ಸಾಕ್ಷಿ ಇರಲಿಲ್ಲ.

ಅಪ್ಪ ಹೋಗಿ ಏಳು ವರ್ಷವಾದ ಮೇಲೆ ಅದೇ ಯಜಮಾನರು ಅವಳ ಕಚೇರಿಗೆ ಬಂದರು. ಹೊಸದಾಗಿ ಡಿಜಿಟಲ್ ಹಣ ಶುರು ಮಾಡಿದ್ದರು. ಅದಕ್ಕೊಂದು ನಾಣ್ಯದ ಲೋಗೊ ಬೇಕಿತ್ತು. ಅವಳು ಯಾರೆಂದು ಅವರಿಗೆ ತಿಳಿಯದು.

"ಇರೋದೆಲ್ಲ ಫೋನಿನೊಳಗೆ, ಕೈಗೆ ಸಿಗಲ್ಲ. ಅದಕ್ಕೇ ಚಿತ್ರ ನೋಡಿದ್ರೆ ಜೇಬಿಗೆ ಹಾಕ್ಕೋಬೇಕು ಅನ್ನಿಸ್ಬೇಕಮ್ಮ. ಥೇಟ್ ಚಿನ್ನ!"

"ಮನೇಲಿ ಒಂದು ನಾಣ್ಯ ಇದೆ ಸಾರ್. ಅದನ್ನೇ ಎದುರಿಗಿಟ್ಕೊಂಡು ಬರೀತೀನಿ" ಎಂದಳು.

ಮೂರು ವಾರ ಬರೆದಳು. ನಡುವೆ ಯಜಮಾನರ ಕಂಪನಿಯ ಗುರುತು. ಉಳಿದದ್ದೆಲ್ಲ ಅಪ್ಪನ ಕಾಲಬುಡಕ್ಕೆ ಬಿದ್ದಿದ್ದ ಆ ಖೋಟಾ ನಾಣ್ಯ. ಎರಕದ ಗಾಳಿಗುಳ್ಳೆ ಒಡೆದು ಬಿದ್ದ ಮೂರು ಗುಳಿ, ಮೂಲೆ ಕರಗಿದ ಅಕ್ಷರ, ಅಂಚಿನ ಸುತ್ತ ಎರಕದಚ್ಚಿನ ಎರಡು ಹೋಳು ಕೂಡಿದ ಗೆರೆ, ಚಿನ್ನದ ನೀರು ಸವೆದಲ್ಲಿ ಇಣುಕುವ ಹಿತ್ತಾಳೆ. ಒಂದನ್ನೂ ಬಿಡಲಿಲ್ಲ. ಮೇಲೆ ಎಡಗಡೆಯಿಂದ ಬೆಳಕು ಬಿಟ್ಟಳು. ಕಣ್ಣು ಕುಕ್ಕುವಂತಾಯಿತು.

"ಈ ಗುಳಿ ಯಾಕಮ್ಮ?" ಕಚೇರಿಯ ಮೇಲಧಿಕಾರಿ ಕೇಳಿದರು.

"ಹಳೇ ನಾಣ್ಯದ ಕಳೆ ಸಾರ್."

ಯಜಮಾನರು ಹೊಳಪನ್ನಷ್ಟೇ ನೋಡಿ ತಲೆಯಾಡಿಸಿದರು. ಅವರು ಮಾರಿದವರೇ ಹೊರತು ಒಂದು ದಿನವೂ ಮಸೂರ ಹಿಡಿದು ಕೂತವರಲ್ಲ.

ಬಿಡುಗಡೆಯ ಬೆಳಿಗ್ಗೆ ಸಭಾಂಗಣದಲ್ಲಿ ಗೋಡೆಯಗಲದ ಪರದೆ. ತಮ್ಮದು ಚಿನ್ನದ ಮನೆತನವೆಂದು ತೋರಿಸಲು ಯಜಮಾನರು ಪೇಟೆಯ ಚಿನ್ನದ ವ್ಯಾಪಾರಿಗಳನ್ನೂ ಕಾರ್ಖಾನೆಯ ಹಳೆಯ ಕೆಲಸಗಾರರನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವಳು ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಖೋಟಾ ನಾಣ್ಯದ ಕೆಳಗೆ ಎದೆಯುಬ್ಬಿಸಿ ನಿಂತ ಯಜಮಾನರನ್ನು ಚಿನ್ನ ಬಲ್ಲವರು ನೋಡಿ ನಗಬೇಕು. ಅವಳು ಬಯಸಿದ್ದು ಅಷ್ಟೇ.

ಪರದೆ ಬೆಳಗಿತು. ಚಪ್ಪಾಳೆ ಅರ್ಧಕ್ಕೇ ನಿಂತಿತು. ಒಬ್ಬ ವ್ಯಾಪಾರಿ ಪಕ್ಕದವನ ತೊಡೆ ತಟ್ಟಿ, "ಎರಕದ ಮಾಲು ಕಣಯ್ಯಾ!" ಎಂದ. ಕಿಸಕ್ಕೆಂದು ಶುರುವಾದ ನಗು ಸಾಲುಗಟ್ಟಿ ಹಿಂದಕ್ಕೆ ಹಬ್ಬಿತು. ಅವಳ ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ಮುಂದಿನ ಸಾಲಿನಿಂದ, ಹಿಂದೆ ಕಾರ್ಖಾನೆಯಲ್ಲಿ ಪಾಲಿಶ್ ಹಾಕುತ್ತಿದ್ದ ಕೆಲಸಗಾರನೊಬ್ಬ ಎದ್ದು ನಿಂತ. ಅಲ್ಲಿ ಅಪ್ಪನ ಪಕ್ಕದ ಮಣೆ ಅವನದು.

"ಯಜಮಾನ್ರೇ, ಈ ಮೂರು ಗುಳಿ ನಂಗೊತ್ತು. ಇದು ನಿಮ್ಮ ಡ್ರಾಯರಲ್ಲಿದ್ದ ನಾಣ್ಯ. ಉಜ್ಜಿ ಕೊಡು ಅಂತ ನನ್ನ ಕೈಗೇ ಕೊಟ್ಟಿದ್ರಿ. ಮಾರನೇ ದಿನ ಅದು ಆ ಕೆತ್ತೋರ ಪೆಟ್ಟಿಗೇಲಿ ಸಿಕ್ತು."

ನಗು ನಿಂತಿತು. ಯಜಮಾನರು ಮೈಕಿನಲ್ಲೇ "ಇವನನ್ನ ಹೊರಗೆ ಹಾಕ್ರೋ" ಎಂದು ಕಿರುಚಿದರು. ಯಾರೂ ಕದಲಲಿಲ್ಲ. ವ್ಯಾಪಾರಿಗಳೇ ಒಬ್ಬೊಬ್ಬರಾಗಿ ಎದ್ದು ಹೊರನಡೆದರು. ತಿಂಗಳೊಳಗೆ ಆ ಕಂಪನಿಯ ಬಾಗಿಲಿಗೆ ಬೀಗ ಬಿತ್ತು. ಅವಳ ಕೆಲಸ ಅಂದೇ ಹೋಯಿತು. ಯಜಮಾನರು ಫೋನಿನಲ್ಲಿ "ಯಾರೇ ನೀನು?" ಎಂದು ಅರಚಿದಾಗ "ಅಚ್ಚು ಕೆತ್ತೋರ ಮಗಳು" ಎಂದು ಇಟ್ಟುಬಿಟ್ಟಳು.

ವಾರದ ನಂತರ ಪಾಲಿಶ್‌ನವನು ಮನೆ ಹುಡುಕಿಕೊಂಡು ಬಂದ. ಅವನನ್ನು ಕಂಡಾಗ ಅವಳಿಗೆ ಕೃತಜ್ಞತೆ ಹುಟ್ಟಲಿಲ್ಲ. ಮೈ ಉರಿಯಿತು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಇವನೂ ಹೌದಲ್ಲ!

"ಹೆದರಿಬಿಟ್ಟೆ ಅಕ್ಕಾ. ಆಗ ಮಕ್ಕಳು ಚಿಕ್ಕವು" ಎಂದ ಅವನು ಅಮ್ಮನಿಗೆ.

ಅಮ್ಮ ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ. ಬೀದಿಯ ಕಡೆಗೆ ಕೈ ತೋರಿಸಿ, "ಅಲ್ಲಿ ಹೇಳಿದ್ದನ್ನ ಇಲ್ಲಿ ನಿಂತು ಇನ್ನೊಂದು ಸಲ ಹೇಳಪ್ಪ. ಗಟ್ಟಿಯಾಗಿ ಹೇಳು. ಎದುರು ಮನೆಯೋರಿಗೆ ಕೇಳಿಸ್ಬೇಕು" ಎಂದರು.

ಅವನು ಹೇಳಿದ. ಎದುರು ಮನೆಯ ಕಿಟಕಿ ತೆರೆಯಿತು.

"ಇನ್ನೂ ಗಟ್ಟಿಯಾಗಿ" ಎಂದಳು ಮಗಳು.