ಮೂರನೇ ಪ್ಲಗ್ಗಿನ ವೈರು

ನಿಮ್ಮೂರು ಗೋವಿಂದನಹಳ್ಳಿಯ ದಾರಿಯಲ್ಲಿ, ಕಾಲುವೆ ಸೇತುವೆಯ ಮೇಲೆ, ಕಾರಿನ ಬಾನೆಟ್ಟಿಗೆ ಕೈಯೂರಿ ನಿಂತಿದ್ದೆ. ಎಷ್ಟೋ ವರ್ಷಗಳ ಹಿಂದಿನ ಶ್ರಾವಣದ ಒಂದು ಬೆಳಿಗ್ಗೆ. ಹನಿಮಳೆ ಆಗಷ್ಟೇ ನಿಂತಿತ್ತು. ಸವಿತಮ್ಮ, ನಿಮ್ಮ ಮದುವೆ ಮುರಿದದ್ದು ಅಲ್ಲಿ. ಅದನ್ನು ತಡೆಯಬಹುದಾಗಿದ್ದ ಮಾತು ನನ್ನ ಬಾಯಲ್ಲಿತ್ತು — ನಾನು ಆಡಲಿಲ್ಲ.

ನನ್ನ ತಮ್ಮನಿಗೆ ನಿಮ್ಮನ್ನು ಕೇಳಿ ಒಪ್ಪಿಗೆಯಾಗಿತ್ತು. ಮದುವೆ ಗೊತ್ತುಮಾಡುವ ವೀಳ್ಯಶಾಸ್ತ್ರಕ್ಕೆಂದು ನಮ್ಮೂರು ಕ್ಯಾತನಹಳ್ಳಿಯಿಂದ ಹೊರಟಿದ್ದೆವು. ಶುಭಕಾರ್ಯಕ್ಕೆ ಹೋಗುವ ಗಾಡಿ ಹೊಳೆಯಲಿ ಎಂದು, ಕಬ್ಬಿನ ಗದ್ದೆಯ ಪಂಪಿನ ಪೈಪು ಹಿಡಿದು ಹಳೆಯ ಪೆಟ್ರೋಲ್ ಕಾರನ್ನು ತೊಳೆದಿದ್ದೆ — ಬಾನೆಟ್ ಎತ್ತಿ ಎಂಜಿನ್ನನ್ನೂ.

"ಎಂಜಿನ್‌ಗ್ಯಾಕ್ಲಾ ಸ್ನಾನ? ಅದ್ನೇನು ಮದ್ಮಗ ಅನ್ಕಂಡಾ?" ಎಂದು ಅವ್ವ ಬಾಗಿಲಿಂದಲೇ ಗದರಿದಳು. ನಾನು ನಕ್ಕು ಪೈಪನ್ನು ಇನ್ನಷ್ಟು ಒತ್ತಿ ಹಿಡಿದೆ.

ಕೆ.ಆರ್. ಪೇಟೆ ದಾಟುವಾಗ ಹನಿ ಶುರುವಾಯಿತು, ಎಂಜಿನ್ ಜಗ್ಗತೊಡಗಿತು. ಸೇತುವೆ ಏರುವಾಗ ಕೆಮ್ಮಿ, ನಿಂತೇಬಿಟ್ಟಿತು. ಅಲ್ಲಿಂದ ನಿಮ್ಮ ಮನೆಯ ಚಪ್ಪರ ಕಾಣುತ್ತಿತ್ತು. ಹಿಂದಿನ ಸೀಟಿನಿಂದ ಇಳಿದ ದೊಡ್ಡಪ್ಪ ಎಲೆಯಡಿಕೆ ಉಗಿದು, ನಿಧಾನವಾಗಿ ಹೇಳಿದರು: "ಗಾಡಿನೇ ಒಲ್ಲೆ ಅಂತದೆ ಕಣ್ರಪ್ಪಾ. ಇದು ನಮ್ಗೆ ಕೂಡ್ಬರೋ ಸಂಬಂಧ ಅಲ್ಲ, ಬುಡಿ."

ತಮ್ಮ ನನ್ನ ಮುಖ ನೋಡಿದ. ಕಾರಿನ ವಿಷಯ ಬಲ್ಲವನು ನಾನೊಬ್ಬನೇ. ನಾನೇನಾದರೂ ಹೇಳಲಿ ಎಂದು ಕಾದ. ಎಂಜಿನ್ನಿಗೆ ನೀರು ಹೋಗಿದೆ, ಬಿಟ್ಟವನು ನಾನೇ — ಇಷ್ಟು ಸಾಕಿತ್ತು. ಆದರೆ ಅವ್ವ ಬೇಡವೆಂದದ್ದು, ಎಲ್ಲರೂ ನಗುವುದು... ಬಾನೆಟ್ಟನ್ನು ಎತ್ತಲೂ ಇಲ್ಲ. ನಿಂತಷ್ಟು ಹೊತ್ತಿನಲ್ಲಿ ಎಂಜಿನ್ನಿನ ಬಿಸಿಗೇ ಒಳಗಿನ ತೇವ ಆರಿರಬೇಕು. ಕಾರನ್ನು ತಳ್ಳಿ, ನಮ್ಮೂರ ಕಡೆ ಮುಖಮಾಡಿಸಿ ಕೀಲಿ ತಿರುಗಿಸಿದರೆ — ಒಂದೇ ಸಲಕ್ಕೆ ಚಾಲೂ ಆಯಿತು.

"ನೋಡುದ್ರಾ?" ಎಂದರು ದೊಡ್ಡಪ್ಪ. ಎಲ್ಲರೂ ಕಾರು ಹತ್ತಿದರು.

ಆಮೇಲಿನ ಬಿಸಿಲಿನ ದಿನಗಳಲ್ಲಿ ಕಾರು ಚೆನ್ನಾಗಿಯೇ ಓಡುತ್ತಿತ್ತು. ನನಗೇ ತಡೆಯಲಾಗದೆ ಪಾಂಡವಪುರದ ಮೆಕ್ಯಾನಿಕ್ ನಂಜುಂಡನ ಹತ್ತಿರ ಒಯ್ದೆ. ಒಣಗಿದ್ದಾಗ ಕಾಣದ ದೋಷವನ್ನು ಒದ್ದೆ ಮಾಡಿಯೇ ಹುಡುಕಬೇಕು ಎಂದ. ಶೆಡ್ಡಿನ ಬಾಗಿಲನ್ನು ಅರ್ಧ ಎಳೆದು ಮಬ್ಬು ಮಾಡಿ, ಎಂಜಿನ್ ಓಡುತ್ತಿರುವಾಗಲೇ, ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್ಗಿನ ವೈರುಗಳ ಮೇಲೆ ಒಂದೊಂದಾಗಿ ನೀರು ಚಿಮುಕಿಸಿದ. ಮೂರನೆಯದಕ್ಕೆ ಎಂಜಿನ್ ಕುಂಟಿತು. ರಬ್ಬರು ಸೀಳಿದ್ದ ಜಾಗದಿಂದ ನೀಲಿ ಕಿಡಿ ಹೊರಗೆ ಹಾರಿತು.

"ಕರೆಂಟು ಪ್ಲಗ್ಗಿಗೆ ಓಗ್ದಂಗೆ ಇಲ್ಲೇ ಸೋರ್ತಾ ಅದೆ ಕಣಣ್ಣ. ಮಳೆ ಹನಿಗೆ ಕುಂಟ್ತದೆ. ಪೈಪಲ್ಲಿ ನೀರ್ ಬೇರೆ ಬುಟ್ರೆ ನಿಂತೇ ಓಯ್ತದೆ."

ಅಂದೇ ಹೋಗಿ ದೊಡ್ಡಪ್ಪನಿಗೆ ಹೇಳಬಹುದಿತ್ತು. ನಿಮ್ಮ ಮನೆಗೆ ಬರಬಹುದಿತ್ತು. ನಾನು ಹೊಸ ವೈರು ಹಾಕಿಸಿಕೊಂಡು ಮನೆಗೆ ಹೋದೆ. ತಮ್ಮನಿಗೆ ಬೇರೆ ಕಡೆ ಮದುವೆಯಾಯಿತು. ನಿಮ್ಮನ್ನು ನೋಡಲು ಬಂದವರಿಗೆಲ್ಲ ಯಾರಾದರೊಬ್ಬರು ಸೇತುವೆಯ ಕಥೆ ಹೇಳುತ್ತಿದ್ದರಂತೆ — ಆಮೇಲೆ ನೋಡಲು ಯಾರೂ ಬರಲೇ ಇಲ್ಲವಂತೆ.

ಹೋದ ಮಳೆಗಾಲದಲ್ಲಿ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನೀವೇ ನನ್ನ ಗುರುತು ಹಿಡಿದಿರಿ. "ಏನಣ್ಣೋ, ಬಸ್ಸಲ್ಲಿ ಬಂದ್ಬುಟ್ಟಿದ್ದೀರಾ? ನಮ್ ಸೇತುವೆ ಕಂಡ್ರೆ ನಿಮ್ ಕಾರ್ಗೆ ಇನ್ನೂ ಕೆಮ್ಮು ಬತ್ತದಾ?" ನೀವು ನಕ್ಕಿರಿ. ನಾನೂ ನಕ್ಕೆ... ಆಗಲೂ ಹೇಳಲಿಲ್ಲ.

ದೊಡ್ಡಪ್ಪ ತೀರಿಕೊಂಡರು. ಅವರ ಮಾತು ಮಾತ್ರ ನಿಮ್ಮೂರಿನಲ್ಲಿ ಇನ್ನೂ ಓಡಾಡುತ್ತಿದೆ. ಅದು ಸುಳ್ಳೆಂದು ನಿಮ್ಮೂರಿನಲ್ಲೇ, ಎಲ್ಲರ ಎದುರು ನಾನು ಹೇಳಬೇಕು. ನೀವು ಒಪ್ಪಿದರೆ ಬರುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ನನ್ನ ಮಾತೊಂದೇ ಸಾಲದು ಎನ್ನುವವರು ಉಳಿದವರನ್ನು ಕೇಳಲಿ. ನಾನು ಪೈಪು ಹಿಡಿದದ್ದನ್ನು ನೋಡಿದ ಅವ್ವ ಇದ್ದಾಳೆ. ಕಿಡಿ ಕಂಡ ನಂಜುಂಡ ಪಾಂಡವಪುರದಲ್ಲೇ ಇದ್ದಾನೆ. ಸೇತುವೆಯ ಮೇಲೆ ನನ್ನ ಮುಖ ನೋಡುತ್ತ ಕಾದ ತಮ್ಮ ಇದ್ದಾನೆ. ಚಪ್ಪರದ ಕೆಳಗೆ ನಿಂತು, ಕಾರು ಹಿಂದಕ್ಕೆ ತಿರುಗಿದ್ದನ್ನು ನೋಡಿದ ನೀವಿದ್ದೀರಿ.