ಹಾಲಮ್ಮನ ಮರದ ಬ್ಯಾಟು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನನಗೆ ಹರಪನಹಳ್ಳಿ ತಾಲ್ಲೂಕಿನ ಹೊಳೆದಂಡೆಯ ಪ್ರೌಢಶಾಲೆಯೊಂದಕ್ಕೆ ವರ್ಗವಾಯಿತು. ನಾನು ದೈಹಿಕ ಶಿಕ್ಷಕಿ. ಒಂಟಿ ಜೀವ, ಬಾಡಿಗೆ ಕೋಣೆ, ಖಾನಾವಳಿಯ ರೊಟ್ಟಿ. ಹುಮ್ಮಸ್ಸಿನಲ್ಲಿ ಹುಡುಗಿಯರ ಬೇಸ್‌ಬಾಲ್ ತಂಡ ಕಟ್ಟಿದೆ. ತಿಂಗಳೊಳಗೆ ಎಲ್ಲರೂ ಬಹುಮಾನ ತರುವ ಖೊಖೊಗೆ ಮರಳಿದರು. ಉಳಿದವಳು ಕುರಿ ಸಾಕುವವರ ಮನೆಯ ಹಾಲಮ್ಮ ಒಬ್ಬಳೇ. ರಾಜ್ಯ ತಂಡದ ಆಯ್ಕೆಗೆ ಶಾಲೆಯ ತಂಡವಿಲ್ಲದೆ ಒಬ್ಬೊಬ್ಬರಾಗಿಯೂ ಹೋಗಬಹುದಿತ್ತು. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲ್, ಮುಂದಿನ ಓದು. ಇಲ್ಲವೆಂದರೆ ಹತ್ತನೇ ತರಗತಿಗೆ ಸಾಕು ಎಂದು ಅವಳಪ್ಪ ಹೇಳಿಬಿಟ್ಟಿದ್ದ.

ಆಯ್ಕೆಯಲ್ಲಿ ಕೊಡುವುದು ಅಲ್ಯೂಮಿನಿಯಂ ಬ್ಯಾಟು. ಅದು ಹಗುರ, ಚೆಂಡು ಸ್ವಲ್ಪ ಆಚೀಚೆ ತಗುಲಿದರೂ ಠಣ್ಣೆಂದು ಹಾರುತ್ತದೆ. ನನ್ನ ಹಳೆಯ ಮರದ ಬ್ಯಾಟು ಭಾರ; ತುದಿಗೆ ತಗುಲಿದರೆ ಅಂಗೈ ಜುಮ್ಮೆನ್ನುತ್ತದೆ. ಲೋಹ ತಪ್ಪನ್ನು ಮುಚ್ಚಿಡುತ್ತದೆ, ಮರ ಬಿಡಿಸಿ ಹೇಳುತ್ತದೆ. ಅದಕ್ಕೇ ಮರದ್ದನ್ನು ಕೊಟ್ಟೆ. ಕೊನೆಯ ಎರಡು ದಿನ ಲೋಹದ್ದಕ್ಕೆ ಕೈ ಒಗ್ಗಿಸಿದರಾಯಿತು ಎಂಬುದು ನನ್ನ ಲೆಕ್ಕ.

"ಮೇಡಂ, ಕೈ ಉರೀತಾವ್ರಿ," ಎನ್ನುತ್ತಿದ್ದಳು.

"ನಡುವಿಗೆ ಸರಿಯಾಗಿ ಬಡಿ, ಉರಿಯಂಗಿಲ್ಲ."

ಖೊಖೊ ಅಂಗಳದಲ್ಲಿ ಊರೆಲ್ಲ ಸೇರಿ ಗದ್ದಲ. ನಮ್ಮ ಮೂಲೆಯಲ್ಲಿ ಎಸೆಯುವವಳು ನಾನು, ಹೊಡೆಯುವವಳು ಅವಳು, ಚೆಂಡು ಹೆಕ್ಕುವವರು ಇಬ್ಬರೂ. ಸುಳ್ಳೇಕೆ, ಇಡೀ ದಿನದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆಗ ಮಾತ್ರ.

ಆಯ್ಕೆ ದಸರೆಯ ಮಗ್ಗುಲಿಗೇ ಬಂತು. ಶಾಲೆಯಲ್ಲಿದ್ದ ಒಂದೇ ಲೋಹದ ಬ್ಯಾಟನ್ನು ತರಲು ಹೋದರೆ, ಜವಾನ ಕೊಟ್ರಪ್ಪ ಅದನ್ನು ಗುದ್ದಲಿ, ಶಾಲೆಯ ಗಂಟೆಯ ಜೊತೆ ಸಾಲಾಗಿ ಇಟ್ಟು, ವಿಭೂತಿ ಬಳಿದು, ಆಯುಧಪೂಜೆ ಮುಗಿಸಿದ್ದ.

"ಬನ್ನಿ ಮುಡಿಯೋತನ ಮುಟ್ಟಂಗಿಲ್ರಿ ಮೇಡಂ."

ಹಾಲಮ್ಮನ ಮುಖ ನೋಡಿದೆ. "ಬ್ಯಾಡ್ರಿ. ಪೂಜಿಗಿಟ್ಟದ್ದು ಎತ್ತಿದ್ರ ಮುನಿಸ್ಕೊಂತೈತಿ," ಎಂದು ಅವಳೂ ಹಿಂದೆ ಸರಿದಳು. ನನಗೆ ಸಿಟ್ಟು ಬಂತು. ಆದರೆ ಅಂಜಿದ ಕೈಗೆ ಯಾವ ಬ್ಯಾಟು ಕೊಟ್ಟು ಏನು ಪ್ರಯೋಜನ? ವಿಜಯದಶಮಿಗೆ ಬನ್ನಿ ಮುಡಿದ ಮರುದಿನ, ಲೋಹದ ಬ್ಯಾಟನ್ನು ಒಮ್ಮೆಯೂ ಬೀಸದೆ ಆಯ್ಕೆಗೆ ಬಸ್ಸು ಹತ್ತಿದೆವು.

ಭಾರಕ್ಕೆ ಒಗ್ಗಿದ ತೋಳಲ್ಲಿ ಹಗುರ ಬ್ಯಾಟು ಬೇಗ ತಿರುಗಿತು. ಮೊದಲ ಚೆಂಡು ಬರುವ ಮುಂಚೆಯೇ ಬೀಸಿ ಆಗಿತ್ತು. ಎರಡನೆಯದು ಎಡಗಡೆಯ ಗೆರೆಯಾಚೆ ಹೋಯಿತು. ಮೂರನೆಯದೂ ಅಷ್ಟೇ. ಆಯ್ಕೆಗಾರರೊಬ್ಬರು ಮುಂದಿನವಳನ್ನು ಕರೆಯಲು ತಲೆಯೆತ್ತಿದರು. ಬೇಲಿಯಾಚೆ ನಿಂತಿದ್ದ ನಾನು ಇನ್ನಷ್ಟು ಹತ್ತಿರ ಸರಿದೆ. ಎಸೆಯುವವಳ ಕಡೆಗೆ ಒಂದು ಹೆಜ್ಜೆ ಮುಂದೆ ನಿಂತರೆ ಚೆಂಡು ಬೇಗ ಸಿಗುತ್ತದೆ. ಸನ್ನೆ ಮಾಡಲು ಕೈ ಎತ್ತಿದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಅಂಗೈ ಒರೆಸಿಕೊಂಡು, ತಾನೇ ಒಂದು ಹೆಜ್ಜೆ ಮುಂದೆ ಸರಿದು ನಿಂತಳು. ಠಣ್! ಚೆಂಡು ಮೈದಾನದ ನಡುವೆ ನೆಟ್ಟಗೆ ಹಾರಿತು. ಮುಂದಿನವೂ ಹಾಗೆಯೇ. ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದೆ.

ಹಾಲಮ್ಮನೂ ಸೇರಿ ಆಯ್ಕೆಯಾದವರನ್ನು ಅಲ್ಲಿಯೇ ಶಿಬಿರಕ್ಕೆ ಉಳಿಸಿಕೊಂಡರು.

"ನೀವೊಬ್ರ ಊರಿಗೆ ಹೊಕ್ಕೀರೇನ್ರಿ ಮೇಡಂ?"

"ಹೊಕ್ಕೀನಿ ಬಿಡವ್ವ. ನೀ ಚೆಂದಗೆ ಆಡು."

ಕಲಿತವರು ನಮ್ಮತ್ತ ತಿರುಗಿ ನೋಡದ ದಿನವೇ ಕಲಿಸಿದ್ದು ಕೈಗೂಡಿದ ದಿನ; ಈ ವೃತ್ತಿ ನನಗೆ ಕಲಿಸಿದ್ದು ಇದು. ಹೆಮ್ಮೆಯಾಯಿತು, ಸಂಕಟವೂ ಆಯಿತು. ಹಿಂದಿರುಗುವ ಬಸ್ಸು ತುಂಬಿತ್ತು. ಯಾರಾದರೂ ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕೂರಲು ಬಂದರೆ, "ಇಲ್ಲಿ ನಮ್ಮ ಹುಡುಗಿ ಅದಾಳ್ರಿ," ಎನ್ನುತ್ತಿದ್ದೆ.